ಅಪ್‌ಡೇಟ್: ಓಇಟಿ ಪತ್ರಕ್ಕೆ ಯಾವ ವಿವರ ಬೇಕು, ಯಾವುದು ಬೇಡ?

ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆಯಾದ ಓಇಟಿಯ ನರ್ಸಿಂಗ್ ಬರವಣಿಗೆಯಲ್ಲಿ ಕೇಸ್ ನೋಟ್ಸ್‌ನ (ರೋಗಿಯ ಬಗ್ಗೆ ಕೊಡುವ ಟಿಪ್ಪಣಿಗಳ) ಯಾವ ವಿವರಗಳನ್ನು ಪತ್ರಕ್ಕೆ ತೆಗೆದುಕೊಳ್ಳಬೇಕು ಎಂದು ನಾನು ಈ ಹಿಂದೆ ಕೇಳಿದ್ದೆ. ಈಗ ಫಲಿತಾಂಶ ಬಂದಿದ್ದು, ನಾಲ್ಕೂ ವಿಭಾಗಗಳಲ್ಲಿ ಬಿ ಶ್ರೇಣಿ ದೊರೆತಿದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ನನಗೆ ಅತ್ಯಂತ ಉಪಯುಕ್ತವಾದದ್ದು, ಟಿಪ್ಪಣಿಗಳನ್ನು ಓದುವ ಮೊದಲೇ ಕೊನೆಯಲ್ಲಿರುವ ಸೂಚನೆಯನ್ನು ನೋಡಿ, ಪತ್ರವನ್ನು ಯಾರು ಓದುತ್ತಾರೆ, ಓದಿದ ಮೇಲೆ ಅವರು ಏನು ಮಾಡಬೇಕಾಗಿದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕೆಂಬ ಸಲಹೆ. ಒಟ್ಟು 45 ನಿಮಿಷಗಳಲ್ಲಿ ಮೊದಲ 5 ನಿಮಿಷ ಓದುವುದಕ್ಕೇ ಮೀಸಲಾಗಿರುವುದರಿಂದ ಇದಕ್ಕೆ ಅವಕಾಶವಿದೆ. ಉದಾಹರಣೆಗೆ, ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯ ನಂತರ ಮನೆಗೆ ತೆರಳುವ ರೋಗಿಯ ಬಗ್ಗೆ ಸಮುದಾಯ ನರ್ಸ್‌ಗೆ ಬರೆಯುವಾಗ ಗಾಯದ ಆರೈಕೆ, ನಡಿಗೆಯ ಸ್ಥಿತಿ, ಈಗಿನ ಔಷಧಿಗಳು ಮತ್ತು ಅಲರ್ಜಿ ಅತ್ಯಗತ್ಯ. ಬಾಲ್ಯದಲ್ಲಿ ತೆಗೆಸಿದ ಟಾನ್ಸಿಲ್‌ನ ಉಲ್ಲೇಖ ಬೇಕಿಲ್ಲ. ಪತ್ರದ ಉದ್ದೇಶಕ್ಕೆ ಪ್ರತ್ಯೇಕ ಅಂಕಗಳಿರುವುದರಿಂದ ಅದನ್ನು ಮೊದಲ ಪ್ಯಾರಾದಲ್ಲೇ ಸ್ಪಷ್ಟಪಡಿಸಬೇಕು. ಸುಮಾರು 180ರಿಂದ 200 ಪದಗಳ ಮಿತಿ ಕಟ್ಟುನಿಟ್ಟೆನಿಸಿದರೂ, ಕೆಲಸದ ಒತ್ತಡದ ನಡುವೆ ಓದುವವರಿಗೆ ಅದು ನ್ಯಾಯವಾದ ಮಿತಿಯೆಂದೇ ನಾನು ಭಾವಿಸುತ್ತೇನೆ.

ಮಾತಿನ ವಿಭಾಗದ ಎರಡು ಪಾತ್ರಾಭಿನಯಗಳಲ್ಲಿ ವ್ಯಾಕರಣದಷ್ಟೇ, ರೋಗಿಯ ಆತಂಕವನ್ನು ಕೇಳಿಸಿಕೊಳ್ಳುವ ರೀತಿಯೂ ಮುಖ್ಯ. ಆಲಿಸುವಿಕೆಯ ಧ್ವನಿಮುದ್ರಣ ಒಮ್ಮೆ ಮಾತ್ರ ಕೇಳಿಸುವುದರಿಂದ, ಅಭ್ಯಾಸವನ್ನೂ ಹಾಗೆಯೇ ಮಾಡಬೇಕು.

ಅಂಕಗಳ ಬಗ್ಗೆ ಕೇಳಿದ್ದವರಿಗೆ: ಬಿ ಶ್ರೇಣಿ 350ರಿಂದ ಆರಂಭವಾಗುತ್ತದೆ. ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ (ಅಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆ) ಬರವಣಿಗೆಗೆ 300 ಅಂಕಗಳನ್ನು ಒಪ್ಪುತ್ತದೆ. ಉಳಿದ ಮೂರು ವಿಭಾಗಗಳಿಗೆ 350 ಬೇಕು.