ಸಹಾಯ ಬೇಕು: ಹಿಂದಿನ ಎಡ ಟೈರಿನ ಗಾಳಿ ಮಾತ್ರ ಇಳಿಯುತ್ತಿದೆ

ಕಲಬುರಗಿಯಲ್ಲಿ ಕಾರು, ಟ್ಯೂಬ್‌ಲೆಸ್ ಟೈರು, ಅಲಾಯ್ ರಿಮ್ಮು. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ಪ್ರಕಾರ 33 ಪಿಎಸ್ಐ (ಗಾಳಿಯ ಒತ್ತಡದ ಅಳತೆ). ಬೆಳಿಗ್ಗೆ 6ಕ್ಕೆ, ಗಾಡಿ ಅಲುಗುವ ಮೊದಲೇ ಅಳೆದು ತುಂಬಿಸುತ್ತೇನೆ. ಮಧ್ಯಾಹ್ನ ಹೈವೇಯಲ್ಲಿ ಓಡಿದ ಮೇಲೆ 37–38 ತೋರಿಸುತ್ತದೆ. ಅದು ಸಹಜ, ಸುಮಾರು 5–6 ಡಿಗ್ರಿ ಶಾಖಕ್ಕೆ 1 ಪಿಎಸ್ಐ ಏರುತ್ತದೆ. ದಯವಿಟ್ಟು "ಬಿಸಿ ಇದ್ದಾಗ ಗಾಳಿ ಬಿಡಿ" ಅನ್ನಬೇಡಿ. ಹಾಗೆ ಬಿಟ್ಟು 33ಕ್ಕೆ ತಂದರೆ ಮರುದಿನ ತಣ್ಣಗಾದಾಗ 28ಕ್ಕೆ ಇಳಿದು, ಪಕ್ಕದ ಗೋಡೆ ಹೆಚ್ಚು ಮಡಚಿ, ಇನ್ನಷ್ಟು ಕಾದು ಒಡೆಯುವುದೇ ಆಗ.

ತೊಂದರೆ ಇಷ್ಟು: ಮೂರು ಟೈರು ತಿಂಗಳಿಗೆ 1 ಪಿಎಸ್ಐ ಕಳೆದುಕೊಂಡರೆ, ಇದೊಂದು ವಾರಕ್ಕೆ 3. ಸೋಪಿನ ನೀರು ಹಚ್ಚಿ ನೋಡಿದೆ. ವಾಲ್ವಿನ ಬಾಯಲ್ಲಿ ಗುಳ್ಳೆಯಿಲ್ಲ, ಬುಡದಲ್ಲೂ ಇಲ್ಲ, ಮೊಳೆಯೂ ಸಿಗಲಿಲ್ಲ. ಟೈರು ರಿಮ್ಮಿಗೆ ಕೂರುವ ಅಂಚಿನಲ್ಲಿ, ಬೆರಳಗಲ ಜಾಗದಲ್ಲಿ, ಸಾಸಿವೆಯಷ್ಟು ಗುಳ್ಳೆಗಳು ನಿಧಾನಕ್ಕೆ ಏಳುತ್ತವೆ. ಅಲ್ಲೇ ಬಿಳಿ ತುಕ್ಕೂ ಇದೆ.

ಅಂಗಡಿಯವರು ಒಳಗೆ ಟ್ಯೂಬ್ ಹಾಕಿ ಅಂತಾರೆ. ಟ್ಯೂಬ್ ಟೈರಿನೊಳಗೆ ಉಜ್ಜಾಟಕ್ಕೆ ಬಿಸಿಯಾಗುತ್ತದೆ, ಪಂಕ್ಚರಾದರೆ ಒಮ್ಮೆಲೇ ಗಾಳಿ ಹೋಗುತ್ತದೆ, ಹಾಗಾಗಿ ಅದು ಬೇಡ. ಟೈರು ಬಿಚ್ಚಿಸಿ, ರಿಮ್ಮಿನ ಅಂಚನ್ನು ಉಜ್ಜಿ, ಬೀಡ್ ಸೀಲರ್ (ಟೈರಿನ ಅಂಚು ರಿಮ್ಮಿಗೆ ಕೂರುವಲ್ಲಿ ಸೋರಿಕೆ ಮುಚ್ಚುವ ಲೇಪ) ಬಳಿದರೆ ಈ ಬಿಸಿಲಿಗೆ ಎಷ್ಟು ಕಾಲ ತಡೆದೀತು? ಎಷ್ಟನೇ ನಂಬರಿನ ಎಮರಿ ಹಾಳೆ ಬಳಸಬೇಕು? ಕಲಬುರಗಿಯಲ್ಲೇ ಇದನ್ನು ಚೆನ್ನಾಗಿ ಮಾಡುವವರಿದ್ದರೆ ತಿಳಿಸಿ.