ಕಾರ್ನ್ ಸ್ನೇಕ್ ಮೊಟ್ಟೆಗಳಿಗೆ ಮನೆಯಲ್ಲಿ ಕಾವು ಕೊಡುವುದು ಹೇಗೆ? ಅನುಭವ ಇದ್ದವರು ತಿಳಿಸಿ

ಮಿಲ್ಟನ್ ಕೀನ್ಸ್, ಇಂಗ್ಲೆಂಡ್ (ಪ್ರಶ್ನೆ ಕೇಳಿದವರು):

ನಮಸ್ಕಾರ. ನನ್ನ ಮಗಳು ಎರಡು ಕಾರ್ನ್ ಸ್ನೇಕ್ (ಅಮೆರಿಕ ಮೂಲದ, ವಿಷವಿಲ್ಲದ ಹಾವು) ಸಾಕಿದ್ದಾಳೆ. ಎರಡೂ ಹೆಣ್ಣು ಎಂದು ಮಾರಿದವರು ಹೇಳಿದ್ದನ್ನು ನಂಬಿ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ನಿನ್ನೆ ರಾತ್ರಿ ಅವುಗಳಲ್ಲಿ ದೊಡ್ಡದು 16 ಮೊಟ್ಟೆಗಳನ್ನು ಇಟ್ಟಿದೆ. ಹೆಚ್ಚಿನವು ಬೆಳ್ಳಗಿದ್ದು ಒಂದಕ್ಕೊಂದು ಅಂಟಿಕೊಂಡಿವೆ, ಎರಡು ಮಾತ್ರ ಚಿಕ್ಕದಾಗಿ ಹಳದಿ ಬಣ್ಣದಲ್ಲಿವೆ. ನಮ್ಮಲ್ಲಿ ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಇಲ್ಲ. ಊರಿನಿಂದ ಬಂದಿರುವ ನನ್ನ ತಾಯಿ, ಕೋಳಿಮೊಟ್ಟೆಯಂತೆ ಇವನ್ನೂ ದಿನಕ್ಕೆ ಎರಡು ಸಲ ಹೊರಳಿಸಬೇಕೆಂದು ಹೇಳುತ್ತಿದ್ದಾರೆ. ಅದು ಸರಿಯೇ? ಮೊದಲು ಏನು ಮಾಡಬೇಕು?

ಲೆಸ್ಟರ್, ಇಂಗ್ಲೆಂಡ್:

ನಾನು ಮೂರು ಬಾರಿ ಕಾರ್ನ್ ಸ್ನೇಕ್ ಮರಿ ಮಾಡಿಸಿದ್ದೇನೆ. ನಿಮ್ಮ ತಾಯಿಯವರು ಹೇಳುವುದು ಕೋಳಿಯ ಮಟ್ಟಿಗೆ ನಿಜ. ಬುಟ್ಟಿಯಲ್ಲಿ ಕಾವಿಗೆ ಕೂರಿಸಿದ ಕೋಳಿ ತಾನೇ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುವುದನ್ನು ನಾವೆಲ್ಲ ನೋಡಿದ್ದೇವೆ. ಹಾವಿನ ಮೊಟ್ಟೆಯ ಲೆಕ್ಕ ಇದಕ್ಕೆ ಪೂರ್ತಿ ವಿರುದ್ಧ. ಇಟ್ಟ ಒಂದೆರಡು ದಿನದೊಳಗೆ ಭ್ರೂಣವು ಸಿಪ್ಪೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ತಲೆಕೆಳಗು ಮಾಡಿದರೆ ಅದು ಒಳಗೇ ಸಾಯಬಹುದು. ಆದ್ದರಿಂದ ಈಗಲೇ ಮೆತ್ತನೆಯ ಪೆನ್ಸಿಲಿನಿಂದ ಪ್ರತಿಯೊಂದು ಮೊಟ್ಟೆಯ ಮೇಲ್ಭಾಗದಲ್ಲಿ ಒಂದು ಚುಕ್ಕೆ ಇಡಿ. ಅಲ್ಲಿಂದ ಮರಿ ಹೊರಬರುವ ತನಕ ಆ ಚುಕ್ಕೆ ಮೇಲಕ್ಕೇ ಇರಬೇಕು. ಅಂಟಿಕೊಂಡ ಮೊಟ್ಟೆಗಳನ್ನು ಬಿಡಿಸಲು ಹೋಗಬೇಡಿ, ಸಿಪ್ಪೆ ಹರಿಯುತ್ತದೆ, ಗೊಂಚಲಾಗಿಯೇ ಎತ್ತಿಡಿ. ಹಳದಿಯಾಗಿರುವ ಎರಡು ಬಹುಶಃ ಗೊಡ್ಡು ಮೊಟ್ಟೆಗಳು. ಬಿಡಿಯಾಗಿದ್ದರೆ ತೆಗೆಯಿರಿ, ಅಂಟಿದ್ದರೆ ಹಾಗೆಯೇ ಇರಲಿ. ಅವಕ್ಕೆ ಬೂಷ್ಟು ಬಂದರೂ ಪಕ್ಕದಲ್ಲಿರುವ ಜೀವಂತ ಮೊಟ್ಟೆಗಳು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ.

ಎತ್ತಿಡಲು ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ತೋಟದ ಸಾಮಾನಿನ ಅಂಗಡಿಯಲ್ಲಿ ಸಿಗುವ ವರ್ಮಿಕ್ಯುಲೈಟನ್ನು (ನೀರು ಹೀರಿಕೊಳ್ಳುವ ಹಗುರವಾದ ಖನಿಜದ ಚೂರು) ತೂಕದಲ್ಲಿ ಅಷ್ಟೇ ನೀರಿನೊಂದಿಗೆ ಕಲಸಿ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಯಾಗಿ ನಿಲ್ಲಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಅದರಲ್ಲಿ ಮೊಟ್ಟೆಗಳನ್ನು ಅರ್ಧದಷ್ಟು ಹುದುಗಿಸಿ, ಮುಚ್ಚಳಕ್ಕೆ ಒಂದೆರಡು ಸಣ್ಣ ತೂತು ಮಾಡಿ, ವಾರಕ್ಕೊಮ್ಮೆ ತೆರೆದು ಗಾಳಿ ಆಡಿಸಿ. ಮುಚ್ಚಳದ ಒಳಗೆ ಕಟ್ಟಿದ ಹನಿಗಳು ಮೊಟ್ಟೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ನಾನು ಮೊದಲ ದಿನವೇ ಡಬ್ಬಿಯನ್ನು ತೂಗಿ ಬರೆದಿಡುತ್ತೇನೆ. ತೂಕ ಇಳಿದಷ್ಟು ಬೆಚ್ಚಗಿನ ನೀರನ್ನು ಡಬ್ಬಿಯ ಅಂಚಿಗೆ ಹಾಕುತ್ತೇನೆಯೇ ಹೊರತು ಮೊಟ್ಟೆಗಳ ಮೇಲೆ ಎಂದೂ ಸುರಿಯುವುದಿಲ್ಲ.

ಇನ್ನು ಶಾಖದ ವಿಷಯ. ದಪ್ಪ ಥರ್ಮೋಕೋಲ್ ಪೆಟ್ಟಿಗೆಯ ತಳದಲ್ಲಿ ಒಂದು ಗೇಣಿಗಿಂತ ಕಡಿಮೆ ನೀರು ತುಂಬಿ, ಅದರಲ್ಲಿ ಮೀನಿನ ತೊಟ್ಟಿಯ ಹೀಟರ್ ಮುಳುಗಿಸಿ, ನೀರಿನ ಮಟ್ಟಕ್ಕಿಂತ ಎತ್ತರವಾಗಿ ಇಟ್ಟಿಗೆ ಜೋಡಿಸಿ, ಅದರ ಮೇಲೆ ಮೊಟ್ಟೆಯ ಡಬ್ಬಿ ಇಟ್ಟರೆ ಒಳ್ಳೆಯ ಇನ್‌ಕ್ಯುಬೇಟರ್ ಸಿದ್ಧವಾಗುತ್ತದೆ. ನೀರು ಶಾಖವನ್ನು ಹಿಡಿದಿಡುವುದರಿಂದ ಏರಿಳಿತ ಕಡಿಮೆ. 27ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 55ರಿಂದ 65 ದಿನಗಳಲ್ಲಿ ಮರಿಗಳಾಗುತ್ತವೆ. ಥರ್ಮೋಸ್ಟಾಟ್ (ಶಾಖ ನೋಡಿಕೊಂಡು ಹೀಟರನ್ನು ತಾನೇ ಹಚ್ಚಿ ಆರಿಸುವ ಉಪಕರಣ) ಇಲ್ಲದೆ ಖಂಡಿತ ಮಾಡಬೇಡಿ. ಶಾಖ ಅಳೆಯುವ ಅದರ ತಂತಿಯ ತುದಿಯನ್ನು (ಪ್ರೋಬ್) ಮೊಟ್ಟೆಗಳ ಮಟ್ಟದಲ್ಲಿ ಟೇಪು ಹಾಕಿ ಭದ್ರಪಡಿಸಿ, ಏಕೆಂದರೆ ಅದು ಜಾರಿ ಪೆಟ್ಟಿಗೆಯಿಂದ ಹೊರಗೆ ಬಿದ್ದರೆ, ಕೋಣೆಯ ತಂಪನ್ನೇ ಪೆಟ್ಟಿಗೆಯ ತಂಪೆಂದು ತಿಳಿದು ಹೀಟರ್ ಉರಿಯುತ್ತಲೇ ಇರುತ್ತದೆ. ಅದರ ಅಂಕಿಯನ್ನಷ್ಟೇ ನಂಬದೆ ಬೇರೆಯದೇ ಒಂದು ಡಿಜಿಟಲ್ ಥರ್ಮಾಮೀಟರ್ ಕೂಡ ಒಳಗಿಡಿ.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ವರ್ಷ ಪೆಟ್ಟಿಗೆಯನ್ನು ಮಾಡಿನ ಕೆಳಗಿನ ಕೋಣೆಯಲ್ಲಿ ಇಟ್ಟಿದ್ದೆ. ಜುಲೈನಲ್ಲಿ ಬಿಸಿಲು ಏರಿ ಕೋಣೆಯೇ 33 ಡಿಗ್ರಿಗೆ ಮುಟ್ಟಿತು. ಥರ್ಮೋಸ್ಟಾಟ್ ಹೀಟರನ್ನು ಆರಿಸಬಲ್ಲದೇ ಹೊರತು ಪೆಟ್ಟಿಗೆಯನ್ನು ತಂಪು ಮಾಡಲಾರದು ಎಂಬುದು ನನಗೆ ಹೊಳೆದಿರಲಿಲ್ಲ. ಆ ಸಲ ಐದು ಮೊಟ್ಟೆ ಹಾಳಾದವು, ಹುಟ್ಟಿದವುಗಳಲ್ಲಿ ಎರಡು ಮರಿಗಳ ಬೆನ್ನುಮೂಳೆ ಸೊಟ್ಟಗಿತ್ತು. ಎರಡು ಡಿಗ್ರಿ ಕಡಿಮೆಯಾದರೆ ಮರಿಗಳು ಕೆಲವು ದಿನ ತಡವಾಗಿ ಬರುತ್ತವೆ, ಅಷ್ಟೆ. ಹೆಚ್ಚಾದರೆ ಸರಿಪಡಿಸಲಾಗದು. ಆದ್ದರಿಂದ ಮನೆಯಲ್ಲೇ ಅತ್ಯಂತ ತಂಪಾದ, ಬಿಸಿಲು ಬೀಳದ ಕೋಣೆಯನ್ನು ಆರಿಸಿ. ಕೆಲವರು ಶಾಖದಿಂದ ಗಂಡು ಹೆಣ್ಣು ನಿರ್ಧಾರವಾಗುತ್ತದೆಂದು ಹೇಳುತ್ತಾರೆ; ಅದು ಮೊಸಳೆಯ ಮಾತು, ಹಾವಿನದಲ್ಲ.

ತಾಯಿಹಾವನ್ನು ಮರೆಯಬೇಡಿ. ಹೊಟ್ಟೆಯಲ್ಲಿ ಇನ್ನೂ ಗಟ್ಟಿಯಾದ ಉಬ್ಬು ಕಾಣುತ್ತಿದ್ದು, ಎರಡು ದಿನ ಕಳೆದರೂ ಅದು ಹೊರಬರದಿದ್ದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ಒತ್ತಿ ಹೊರತೆಗೆಯುವ ಪ್ರಯತ್ನ ಬೇಡ. ಮೊದಲ ಕೆಲವು ಊಟ ಚಿಕ್ಕದಾಗಿರಲಿ. ನಿಮ್ಮ ಇನ್ನೊಂದು ಹಾವು ಗಂಡೇ ಇರಬೇಕು, ಅದನ್ನು ಇವತ್ತೇ ಬೇರೆ ಪೆಟ್ಟಿಗೆಗೆ ಹಾಕಿ. ಹಾಗೆ ಮಾಡಿದರೂ ಹೆಣ್ಣು ವೀರ್ಯವನ್ನು ಒಡಲಲ್ಲೇ ಉಳಿಸಿಕೊಂಡು ಇದೇ ವರ್ಷ ಎರಡನೆಯ ಬಾರಿ ಮೊಟ್ಟೆ ಇಡುವ ಸಾಧ್ಯತೆ ಇದೆ.

ಡಲ್ಲಾಸ್, ಟೆಕ್ಸಸ್:

ನಾವು ಸಾಕಿರುವುದು ಬಾಲ್ ಪೈಥಾನ್ (ಆಫ್ರಿಕಾ ಮೂಲದ ಸಣ್ಣ ಹೆಬ್ಬಾವು), ಆದ್ದರಿಂದ ನಮ್ಮ ಅಂಕಿಗಳನ್ನು ನೀವು ಬಳಸಬಾರದೆಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಅವುಗಳಿಗೆ 31ರಿಂದ 32 ಡಿಗ್ರಿ ಬೇಕು. ಅದೇ ಶಾಖವನ್ನು ಕಾರ್ನ್ ಸ್ನೇಕ್ ಮೊಟ್ಟೆಗೆ ಕೊಟ್ಟರೆ ಅನಾಹುತವಾಗುತ್ತದೆ. ಬಾಲ್ ಪೈಥಾನ್ ತಾನೇ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ, ಕಾರ್ನ್ ಸ್ನೇಕ್ ಇಟ್ಟು ಹೊರಟುಬಿಡುತ್ತದೆ. ಎರಡಕ್ಕೂ ಹೊಂದುವ ಸಲಹೆ ಒಂದಿದೆ: ಒಂದು ವಾರವಾದ ಮೇಲೆ ಕತ್ತಲೆಯಲ್ಲಿ, ಮೊಟ್ಟೆಯನ್ನು ಎತ್ತದೆಯೇ, ಪಕ್ಕದಿಂದ ಸಣ್ಣ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳ ಜಾಲ ಕಂಡರೆ ಜೀವವಿದೆ.

ಇನ್ನೊಂದು ಮಾತು. ಸರೀಸೃಪಗಳಿಂದ ಸಾಲ್ಮೊನೆಲ್ಲಾ ಎಂಬ, ವಾಂತಿಭೇದಿ ತರುವ ಬ್ಯಾಕ್ಟೀರಿಯಾದ ಸೋಂಕು ತಗಲಬಹುದು. ಡಬ್ಬಿಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ಅಮೆರಿಕದಲ್ಲಿರುವವರು ತಮ್ಮ ರಾಜ್ಯದ ಕಾನೂನನ್ನೂ ನೋಡಿಕೊಳ್ಳಬೇಕು: ಜಾರ್ಜಿಯಾದಲ್ಲಿ ಕಾರ್ನ್ ಸ್ನೇಕ್ ಅಲ್ಲಿಯದೇ ಕಾಡುಹಾವಾದ್ದರಿಂದ ಅದನ್ನು ಸಾಕುವಂತಿಲ್ಲ, ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ.

ತೀರ್ಥಹಳ್ಳಿ:

ಇದನ್ನು ಊರಿನಲ್ಲಿ ಕುಳಿತು ಓದುವವರಿಗಾಗಿ ಒಂದು ಮಾತು. ಗೊಬ್ಬರದ ಗುಂಡಿಯಲ್ಲೋ ಸೌದೆಯ ರಾಶಿಯಲ್ಲೋ ಕೇರೆಹಾವಿನ ಮೊಟ್ಟೆ ಸಿಕ್ಕಿತೆಂದು ಮನೆಗೆ ತಂದು ಪ್ರಯೋಗ ಮಾಡಬೇಡಿ. ನಮ್ಮ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಿಕ್ಕಲ್ಲೇ ಮುಚ್ಚಿಬಿಡಿ, ಆಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ನಮ್ಮ ಕಡೆ ಕಾಳಿಂಗ ಸರ್ಪ ತರಗೆಲೆ ಒಟ್ಟಿ ಗೂಡು ಕಟ್ಟಿದರೂ ಅದನ್ನು ಕದಲಿಸದೆ ಇದ್ದಲ್ಲೇ ಕಾಯುವುದೇ ಒಳ್ಳೆಯದೆಂದು ಅನುಭವಿಗಳು ಹೇಳುತ್ತಾರೆ.

ಲೆಸ್ಟರ್:

ಕೊನೆಯ ದಿನಗಳ ಬಗ್ಗೆ ಬರೆಯುವುದು ಬಿಟ್ಟುಹೋಗಿತ್ತು. ಮೊದಲ ವಾರಗಳಲ್ಲಿ ಮೊಟ್ಟೆ ಗುಳಿಬಿದ್ದರೆ ತೇವ ಸಾಲದೆಂದು ಅರ್ಥ, ಆದರೆ ಕೊನೆಯ ಎರಡು ವಾರಗಳಲ್ಲಿ ಗುಳಿ ಬೀಳುವುದು ಸಹಜ. ಆಗ ಗಾಬರಿಯಿಂದ ನೀರು ಹಾಕಬೇಡಿ. ಮರಿ ಮೂತಿಯ ತುದಿಯ ಚೂಪಾದ ಹಲ್ಲಿನಿಂದ ಸಿಪ್ಪೆಯನ್ನು ಸೀಳಿ, ತಲೆ ಹೊರಗಿಟ್ಟು, ಒಂದೆರಡು ದಿನ ಹಾಗೆಯೇ ಇರುತ್ತದೆ. ಉಳಿದ ಹಳದಿ ಭಾಗವನ್ನು ಅದು ಹೊಟ್ಟೆಯೊಳಗೆ ಎಳೆದುಕೊಳ್ಳುವ ಸಮಯ ಅದು. ಎಳೆದು ಹೊರತೆಗೆದರೆ ರಕ್ತಸ್ರಾವವಾಗಿ ಸಾಯಬಹುದು. ಮಗಳಿಗೆ ಈ ಮಾತನ್ನು ಮೊದಲೇ ಹೇಳಿಡಿ, ಏಕೆಂದರೆ ಆ ಎರಡು ದಿನ ಕೈ ಕಟ್ಟಿ ಕೂರುವುದು ದೊಡ್ಡವರಿಗೂ ಕಷ್ಟ.

ಹೊರಬಂದ ಮರಿಗಳನ್ನು ಒಂದೊಂದಾಗಿ ಬೇರೆ ಬೇರೆ ಡಬ್ಬಿಗೆ ಹಾಕಿ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ನುಂಗುವುದುಂಟು. ಸುಮಾರು ಒಂದು ವಾರದಿಂದ ಹತ್ತು ದಿನದೊಳಗೆ ಮೊದಲ ಪೊರೆ ಬಿಡುತ್ತವೆ, ಅದಾದ ಮೇಲೆಯೇ ಪಿಂಕಿ (ಆಗಷ್ಟೇ ಹುಟ್ಟಿದ, ಕೂದಲಿಲ್ಲದ) ಇಲಿಮರಿ ಕೊಡಿ. ಅಷ್ಟು ಮರಿಗಳಿಗೆ ಮನೆ ಹುಡುಕಲು ಆಗದೆಂದು ಅನಿಸಿದರೆ ಮೊಟ್ಟೆಗಳು ಮರಿಯಾಗದಂತೆ ಇವತ್ತೇ ಫ್ರೀಜರಿನಲ್ಲಿ ಇಡುವುದು ಕೂಡ ಜವಾಬ್ದಾರಿಯ ದಾರಿಯೇ. ಹೊರಗೆ ಬಿಟ್ಟುಬರುವ ಯೋಚನೆ ಮಾತ್ರ ಬೇಡ. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ (ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಆಕ್ಟ್) ಪ್ರಕಾರ ಇಲ್ಲಿ ಅದು ಅಪರಾಧ.

ಮಿಲ್ಟನ್ ಕೀನ್ಸ್ (ಎರಡೂವರೆ ತಿಂಗಳ ನಂತರ):

ಎಲ್ಲರಿಗೂ ಧನ್ಯವಾದ. 14 ಮೊಟ್ಟೆಗಳಲ್ಲಿ ನರ ಕಂಡಿತ್ತು. 60ನೆಯ ದಿನ ಮೊದಲ ಸೀಳು ಕಾಣಿಸಿತು, ಮೂರು ದಿನಗಳಲ್ಲಿ 13 ಮರಿಗಳು ಹೊರಬಂದವು. ಒಂದು ಪೂರ್ತಿ ಬೆಳೆದೂ ಸಿಪ್ಪೆಯೊಳಗೇ ಸತ್ತಿತ್ತು. ಪೊರೆ ಬಿಟ್ಟ ಮೇಲೆ 10 ಮರಿಗಳು ತಿಂದಿವೆ, ಮೂರು ಮುಖ ತಿರುಗಿಸುತ್ತಿವೆ. ನನ್ನ ತಾಯಿ ದಿನವೂ ಅವುಗಳ ಡಬ್ಬಿಯ ಮುಂದೆ ಕುಳಿತು "ಇವತ್ತಾದರೂ ತಿನ್ರೋ" ಎನ್ನುತ್ತಾರೆ. ಏನು ಮಾಡಲಿ?

ಲೆಸ್ಟರ್:

ಐದು ದಿನ ಬಿಡುವು ಕೊಟ್ಟು, ಪಿಂಕಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಗಾಳಿಯಾಡುವ ಪುಟ್ಟ ಡಬ್ಬಿಯಲ್ಲಿ ಮರಿಯ ಜೊತೆಗೆ ರಾತ್ರಿಯಿಡೀ ಇಡಿ, ಮೇಲೆ ಬಟ್ಟೆ ಮುಚ್ಚಿ. ಆಗಲೂ ತಿನ್ನದಿದ್ದರೆ ಪಿಂಕಿಯ ತಲೆಯನ್ನು ಸ್ವಲ್ಪ ಸೀಳಿ ಕೊಟ್ಟು ನೋಡಿ. ನನ್ನ ಹಟಮಾರಿಗಳಲ್ಲಿ ಹೆಚ್ಚಿನವು ಆ ವಾಸನೆಗೆ ಬಾಯಿ ತೆರೆದವು. ತಾಯಿಯವರನ್ನು ಡಬ್ಬಿಯ ಮುಂದಿನಿಂದ ಸ್ವಲ್ಪ ದೂರ ಕೂರಿಸಿ, ಯಾರಾದರೂ ನೋಡುತ್ತಿದ್ದರೆ ಅವು ತಿನ್ನುವುದಿಲ್ಲ.