ಅಪ್‌ಡೇಟ್: ಗೋಡೌನ್‌ಗೆ ಮೊಬೈಲ್ ಕಂಪ್ಯೂಟರೋ, ರಗಡ್ ಟ್ಯಾಬ್ಲೆಟ್ಟೋ?

ಮಾಲಿನ ಬಾರ್‌ಕೋಡ್ ಓದಲು ನೆಲಮಂಗಲದ ನಮ್ಮ ಗೋಡೌನ್‌ಗೆ ಮೊಬೈಲ್ ಕಂಪ್ಯೂಟರ್ (ಫೋನಿನಂತೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್) ತರಲೋ, ರಗಡ್ ಟ್ಯಾಬ್ಲೆಟ್ (ಒರಟು ಬಳಕೆಗೆಂದೇ ಮಾಡಿದ ಗಟ್ಟಿ ಟ್ಯಾಬ್ಲೆಟ್) ತರಲೋ ಎಂದು ಹೋದ ತಿಂಗಳು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಎರಡನ್ನೂ ತಂದೆವು.

"ಮೊದಲು ಡೆಮೊ ತರಿಸಿ, ಹುಡುಗರ ಕೈಗೆ ಕೊಡಿ" ಎಂದಿದ್ದರು ನಿಮ್ಮಲ್ಲಿ ಒಬ್ಬರು. ಅದೇ ದಾರಿ ತೋರಿಸಿತು. ರ‍್ಯಾಕ್‌ನಿಂದ ಮಾಲು ತೆಗೆಯುವವರು ಟ್ಯಾಬ್ಲೆಟ್ ಹಿಡಿದು ಅರ್ಧ ದಿನಕ್ಕೇ ಸುಸ್ತಾದರು. ಒಂದು ಕೈ ಅದಕ್ಕೇ ಹೋದರೆ ಪೆಟ್ಟಿಗೆ ಎತ್ತುವುದು ಹೇಗೆ, ಅಲ್ವಾ? ಮೇಲಾಗಿ ಅದರಲ್ಲಿ ಬಾರ್‌ಕೋಡ್ ಓದಲು ಬರೀ ಕ್ಯಾಮೆರಾ ಇತ್ತು. ಮೇಲಿನ ಸಾಲಿನ ಲೇಬಲ್ ಓದಲೇ ಇಲ್ಲ. ಮೊಬೈಲ್ ಕಂಪ್ಯೂಟರ್‌ನಲ್ಲಿ ಬಾರ್‌ಕೋಡ್ ಓದಲೆಂದೇ ಸ್ಕ್ಯಾನ್ ಎಂಜಿನ್ ಎಂಬ ಪ್ರತ್ಯೇಕ ಭಾಗ ಇತ್ತು. ಪಕ್ಕದ ಬಟನ್ ಒತ್ತಿದರೆ ಸಾಕು, ಬೀಪ್. ದೂರದ ಲೇಬಲ್ ಓದಬೇಕಾದರೆ ಲಾಂಗ್ ರೇಂಜ್ ಎಂಜಿನ್ ಇರುವ ಮಾಡೆಲನ್ನೇ ಕೇಳಿ, ಎಲ್ಲದರಲ್ಲೂ ಇರುವುದಿಲ್ಲ.

ಇನ್ನೊಂದು ಮಾತು: ಇಂಥ ಸಾಧನಗಳ ವಿವರದಲ್ಲಿ ಬರೆದಿರುವ ಐಪಿ67 ಎಂಬ ರೇಟಿಂಗ್, ಧೂಳು, ನೀರು ಒಳಗೆ ಹೋಗದಂತೆ ತಡೆಯುವುದಕ್ಕೆ ಮಾತ್ರ. ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಡ್ರಾಪ್ ರೇಟಿಂಗ್ ಬೇರೆ ನೋಡಬೇಕು. ನಾನು ಎರಡೂ ಒಂದೇ ಅಂದುಕೊಂಡಿದ್ದೆ.

ಫೋರ್ಕ್‌ಲಿಫ್ಟ್‌ಗೆ ಮಾತ್ರ ಟ್ಯಾಬ್ಲೆಟ್ಟೇ ಚೆನ್ನ. ಸ್ಕ್ರೀನ್ ದೊಡ್ಡದು, ಹೋಲ್ಡರ್‌ನಲ್ಲಿ ಗಟ್ಟಿಯಾಗಿ ಕೂರುತ್ತದೆ. ನಮ್ಮ ಗಾಡಿಯ ಬ್ಯಾಟರಿ 48 ವೋಲ್ಟ್, ಹಾಗಾಗಿ ಟ್ಯಾಬ್ಲೆಟ್ ಚಾರ್ಜಿಂಗ್‌ಗೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕಾಯಿತು. ಅದನ್ನು ಕೊಟೇಶನ್‌ನಲ್ಲೇ ಸೇರಿಸಿಕೊಳ್ಳಿ, ಆಮೇಲೆ ತರಿಸಿದ್ದಕ್ಕೆ ನಮಗೆ ಖರ್ಚು ಜಾಸ್ತಿಯಾಯಿತು.